ನೊವೊಟ್ನಿ ನದಿ ದಾಟದ ಬುಧವಾರ

ಡೆಲ್ಬರ್ಟ್ ನೊವೊಟ್ನಿಯ ಮನೆತನದ ಹೆಸರಿನೊಳಗೇ ‘ನೋ ವೋಟ್’ ಅವಿತುಕೊಂಡಿದೆಯೆಂದು ಮೊದಲು ಕಂಡುಹಿಡಿದವರು ಶಾಸನಸಭೆಯ ಹಿಂದಿನ ಸಾಲಿನ ಕಿಡಿಗೇಡಿಗಳು. ಹೊಸ ಇಲಾಖೆಯೆಂದರೆ ಬೇಡ, ಹೊಸ ತೆರಿಗೆಯೆಂದರೆ ಬೇಡ, ಸಭಾಂಗಣದ ಕಿಟಕಿಗೆ ಹೊಸ ಪರದೆಯೆಂದರೂ ಬೇಡ. ಎಲ್ಲದಕ್ಕೂ ಎದ್ದು ನಿಂತು ಅದೊಂದೇ ಉತ್ತರ. ‘ನೋ ವೋಟ್ ನೊವೊಟ್ನಿ’ ಎಂದು ಅವರು ಆಡಿಕೊಂಡರೆ ಅವನು ಅದನ್ನೇ ಹಲಗೆಗಳ ಮೇಲೆ ಬರೆಸಿ ಮುಸುಕಿನ ಜೋಳದ ಹೊಲಗಳ ಬೇಲಿಗುಂಟ ನೆಡಿಸಿದ. ಜನ ನಕ್ಕರು, ನಕ್ಕವರೇ ಓಟು ಹಾಕಿದರು. ಜಿಲ್ಲಾ ಮಂಡಳಿಯಿಂದ ಶಾಸನಸಭೆಗೆ, ಅಲ್ಲಿಂದ ರಾಜ್ಯವಾಳುವ ಗವರ್ನರ್ ಕುರ್ಚಿಗೆ, ಅದೂ ಎರಡು ಸಲ. ‘ಬೇಡ’ ಎಂಬ ಒಂದೇ ಪದದ ಬೆನ್ನೇರಿ ಅಷ್ಟು ದೂರ ಬಂದ ಮನುಷ್ಯ ಅಮೆರಿಕದ ಆ ಸೀಮೆಯಲ್ಲಿ ಇನ್ನೊಬ್ಬನಿಲ್ಲ.

ಹಾಗೆಂದು ಅವನದು ಬೂಟಾಟಿಕೆಯಲ್ಲ. ಹಳೆಯದೊಂದು ಇನ್ನೂ ನಿಂತಿದೆಯೆಂದರೆ ಅದಕ್ಕೊಂದು ಕಾರಣವಿದ್ದೇ ಇರುತ್ತದೆಂದು ಅವನು ಮನಸಾರೆ ನಂಬಿದ್ದ. ಅಜ್ಜ ಯುರೋಪಿನ ಬೊಹೀಮಿಯದಿಂದ ಬರಿಗೈಯಲ್ಲಿ ಬಂದು ಹುಲ್ಲುಗಾವಲು ಉತ್ತು ಬದುಕಿದ್ದು ಯಾರ ಹಂಗಿನಲ್ಲೂ ಅಲ್ಲ ಎಂಬುದು ಆ ಮನೆಯ ಹೆಮ್ಮೆ. ಆ ನೆಲವನ್ನು ಸರ್ಕಾರವೇ ಪುಕ್ಕಟೆ ಕೊಟ್ಟಿತ್ತು ಎಂಬುದನ್ನು ಮಾತ್ರ ಊಟದ ಮೇಜಿನ ಮೇಲೆ ಯಾರೂ ಎತ್ತುತ್ತಿರಲಿಲ್ಲ.

ಅವನಿಗೆ ಮೊದಲು ಹೆಸರು ತಂದದ್ದು ರಾಜ್ಯದ ಸಂವಿಧಾನದ ಒಂದು ಮುದಿ ಸಾಲು. ಗವರ್ನರ್ ರಾಜ್ಯದ ಗಡಿಯಾಚೆ ಇರುವಷ್ಟು ಹೊತ್ತೂ ಅವನ ಅಧಿಕಾರವೆಲ್ಲ ಉಪಗವರ್ನರನದು ಎನ್ನುವ ಸಾಲು. ಕುದುರೆ ಏರಿ ಹೋದವನು ತಿಂಗಳುಗಟ್ಟಲೆ ಬಾರದಿದ್ದ ಕಾಲದಲ್ಲಿ ಬರೆದದ್ದು. ಟೆಲಿಫೋನ್ ಬಂದಿದೆ, ವಿಮಾನ ಬಂದಿದೆ, ಇನ್ನಾದರೂ ಇದನ್ನು ತೆಗೆಯೋಣ ಎಂದು ಯಾರೋ ತಿದ್ದುಪಡಿ ತಂದಾಗ, ಆಗಿನ್ನೂ ಎಳೆಯನಾಗಿದ್ದ ನೊವೊಟ್ನಿ ಎದ್ದು ನಿಂತ. “ಊರು ಬಿಟ್ಟು ಹೋಗೋನಿಗೆ ಊರ ಯಜಮಾನಿಕೆ ಯಾಕೆ?” ಎಂದ. ಸಭೆ ಗೊಳ್ಳೆಂದು ನಕ್ಕಿತು, ತಿದ್ದುಪಡಿ ಅಲ್ಲೇ ಮಣ್ಣಾಯಿತು, ಮರುದಿನ ಪತ್ರಿಕೆಗಳಲ್ಲಿ ಆ ಮಾತು ದಪ್ಪ ಅಕ್ಷರದಲ್ಲಿ ಬಂತು. ತೋಡಿದ ಗುಂಡಿ ತೋಡಿದವನಿಗಾಗಿ ಕಾಯುತ್ತದೆ ಎನ್ನುವುದು ಅವನಿಗೆ ಆಗ ತಿಳಿಯಲಿಲ್ಲ.

ಅವನ ಅಕ್ಕ ಲಿಡಾ ಹುಟ್ಟು ಕಿವುಡಿ. ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಯಾರಾದರೂ ಅವಳನ್ನು ಕರೆದರೆ ಪುಟ್ಟ ಡೆಲ್ ಓಡಿಹೋಗಿ ಅವಳ ಅಂಗಿಯ ತೋಳನ್ನು ಎರಡು ಸಲ ಎಳೆಯುತ್ತಿದ್ದ. ‘ಅಗೋ, ನಿನ್ನನ್ನು ಕರೆಯುತ್ತಿದ್ದಾರೆ, ನೋಡು’ ಎಂದು ಅದರ ಅರ್ಥ. ನದಿಯಂಚಿನ ದಿಬ್ಬದ ಮೇಲಿನ ಕಿವುಡ ಮಕ್ಕಳ ಸರ್ಕಾರಿ ಶಾಲೆಗೆ ಸೇರಿ, ಮಲಗುವ ಕೋಣೆಯಲ್ಲಿ ದೊಡ್ಡ ಹುಡುಗಿಯರಿಂದ ಕೈಮಾತು ಕಲಿತು ಬಂದಾಗ ಅವಳು ತಮ್ಮನಿಗೊಂದು ಹೆಸರಿಟ್ಟಳು. ಎಡತೋಳನ್ನು ಬಲಗೈಯಿಂದ ಎರಡು ಸಲ ಎಳೆದರೆ ಅದು ಡೆಲ್. ಕೈ ಬೀಸಿ ಮಾತಾಡುವುದನ್ನು ಕಂಡರೆ ಅಮ್ಮನಿಗೆ ಮೈಯೆಲ್ಲ ಉರಿ. “ನಾಲ್ಕು ಜನ ನೋಡಿದ್ರೆ ಏನಂತಾರೆ? ಕೈ ಕೆಳಗಿಡು!” ಎಂದು ಗದರಿ ಇಬ್ಬರನ್ನೂ ಅವರವರ ಅಂಗೈ ಮೇಲೆಯೇ ಕೂರಿಸುತ್ತಿದ್ದಳು. ಹಾಗಾಗಿ ಅಕ್ಕತಮ್ಮಂದಿರ ಮಾತೆಲ್ಲ ಮೇಜಿನ ಕೆಳಗೆ ಸಾಗಿತು.

ಅಮ್ಮ ಸತ್ತು ಎಷ್ಟೋ ವರ್ಷವಾದರೂ ಅವಳ ಗದರಿಕೆ ಡೆಲ್‌ನ ಕೈಗಳಲ್ಲಿ ಉಳಿದುಬಿಟ್ಟಿತು. ಗವರ್ನರ್ ಆಗಿ ಪ್ರಮಾಣ ಮಾಡಿದ ದಿನ ಲಿಡಾ ಮೊದಲ ಸಾಲಿನಲ್ಲಿ ಎದ್ದು ನಿಂತು, ಮುಖವೆಲ್ಲ ಅರಳಿಸಿಕೊಂಡು, ತೋಳು ಎಳೆದು ತೋರಿಸಿದಳು. ಅವನು ತಲೆಯಾಡಿಸಿ ಸುಮ್ಮನಾದ. ಅದೇ ವರ್ಷ ಎಲ್ಲ ಇಲಾಖೆಗಳ ಖರ್ಚಿಗೂ ಅವನು ಒಂದೇ ಸಮ ಕತ್ತರಿ ಹಾಕಿದಾಗ ದಿಬ್ಬದ ಶಾಲೆಯ ಮೂವರು ಶಿಕ್ಷಕರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಲಿಡಾ ಒಂದು ವರ್ಷ ಅವನೊಡನೆ ಮಾತು ಬಿಟ್ಟಳು. ಮದುವೆಯಾಗಿ ನದಿಯಾಚೆಯ ರಾಜ್ಯ ಸೇರಿದ್ದರೂ ಅವಳು ಶನಿವಾರ ಶನಿವಾರ ಹಳೆಯ ರೈಲುಸೇತುವೆಯ ಮೇಲೆ ನಡೆದು ಬಂದು ಶಾಲೆಯ ಮಕ್ಕಳಿಗೆ ಅಜ್ಜನ ಸೀಮೆಯ ಸಿಹಿ ಬನ್ನು ಕೊಲಾಚೆ ಬೇಯಿಸಲು ಕಲಿಸುತ್ತಿದ್ದಳು. ತಮ್ಮ ಮಾತ್ರ ಆ ಸೇತುವೆಯ ಕಡೆ ಬಂದದ್ದು ಚುನಾವಣೆಯ ಫೋಟೋಕ್ಕೆ.

ಈ ಸಲದ ಅಧಿವೇಶನದಲ್ಲಿ ಅವನ ಪಕ್ಷದವರೇ ಆ ಶಾಲೆಯನ್ನು ಪೂರ್ತಿ ಮುಚ್ಚುವ ಮಸೂದೆ ತಂದರು. ನದಿದಂಡೆಯ ಜಾಗ, ಕೊಳ್ಳುವವರು ಸಿದ್ಧರಿದ್ದರು. ಅದೇ ಹೊತ್ತಿಗೆ ಲಿಡಾ ರಾಜಧಾನಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಎಲುಬಾಗಿದ್ದ ಬೆರಳುಗಳಲ್ಲಿ ನಿಧಾನವಾಗಿ ಹೇಳಿದಳು: “ಜೀವಮಾನವೆಲ್ಲ ನಿನಗೋಸ್ಕರ ಬೇಡ ಅಂದೆ. ಒಂದೇ ಒಂದ್ಸಲ ನನಗೋಸ್ಕರ ಅನ್ನು.”

“ಆಯ್ತು ಲಿಡಾ,” ಎಂದ ಅವನು, ತುಟಿ ಓದಲಿ ಎಂದು ಬಿಡಿಸಿ ಬಿಡಿಸಿ.

“ಕೈಯಲ್ಲಿ ಹೇಳು,” ಎಂದಳು ಅವಳು.

ಅಷ್ಟರಲ್ಲಿ ನರ್ಸ್ ಒಳಗೆ ಬಂದಳು. ಅವನ ಕೈ ಕೋಟಿನ ಜೇಬಿನಲ್ಲೇ ಉಳಿಯಿತು. ಲಿಡಾ ನಕ್ಕು, ಹೋಗಲಿ ಬಿಡು ಎಂಬಂತೆ ಕಣ್ಣು ಮುಚ್ಚಿಕೊಂಡಳು. ಕೊನೆಗಾಲಕ್ಕೆ ಮಗಳು ಅವಳನ್ನು ನದಿಯಾಚೆಯ ಮನೆಗೆ ಕರೆದೊಯ್ದಳು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಜೀವ ಹೋಯಿತು.

ಸೋಮವಾರ ಅವನೇ ಅಕ್ಕನ ಮಗಳು ಜೋಲೀನ್‌ಗೆ ಫೋನ್ ಮಾಡಿದ. ಶುಭ ಶುಕ್ರವಾರದ ಆಸುಪಾಸಿನ ಮೂರು ದಿನ ಪಾದ್ರಿಗಳು ಚರ್ಚಿನಲ್ಲಿ ಸತ್ತವರಿಗಾಗಿ ‘ಮಾಸ್’ ಎಂಬ ಬಲಿಪೂಜೆ ಮಾಡುವುದಿಲ್ಲ. ಹಾಗಾಗಿ ಬುಧವಾರವೇ ಮಣ್ಣು ಎಂದಳು.

“ಜೋಲೀನ್, ಈಸ್ಟರ್ ಕಳೆದ ಮೇಲೆ ಇಟ್ಕೊಳೋಕಾಗಲ್ವಾ?”

“ಯಾಕೆ ಮಾವ? ಅಮ್ಮಂಗೇನು ಅರ್ಜೆಂಟಿಲ್ಲ ಅಂತಾನಾ?”

“ಹಾಗಲ್ಲ ಮಗಾ. ಮಸೂದೆ ಎರಡೂ ಸಭೇಲಿ ಪಾಸಾಗಿ ಕೂತಿದೆ. ನನ್ನ ಹತ್ರ ಕಳಿಸಿದ್ರೆ ನಾನು ಬೇಡ ಅಂತ ಬರೀತೀನಿ, ಅದನ್ನ ಮೀರೋಷ್ಟು ಓಟು ಅವರತ್ರ ಇಲ್ಲ. ಅದಕ್ಕೇ ಮುಚ್ಚಿಟ್ಕೊಂಡಿದ್ದಾರೆ. ಗುರುವಾರ ಸಂಜೆ ಅಧಿವೇಶನ ಮುಗಿಯುತ್ತೆ; ಅಷ್ಟರೊಳಗೆ ಕಳಿಸದಿದ್ರೆ ಅದು ಸತ್ತ ಹಾಗೆ. ನಾನು ನದಿ ದಾಟಿದ ಗಳಿಗೇಲೇ ಉಪಗವರ್ನರ್ ಬ್ರೆಂಟ್ ಕೈಗೆ ಕೊಡ್ತಾರೆ, ಅವನು ಸಹಿ ಹಾಕ್ತಾನೆ. ಶಾಲೆ ಹೋಯ್ತು.”

“ಶಾಲೆ!” ಎಂದಳು ಜೋಲೀನ್. “ಅದಕ್ಕೆ ಮೊದಲು ಕತ್ತರಿ ಹಾಕಿದ್ದು ಯಾರು? ನೀನೇ ತಾನೆ? ಈಗ ಅದರ ಹೆಸರು ಹೇಳ್ಕೊಂಡು ಅಮ್ಮನ ಮಣ್ಣಿಗೆ ಬರಲ್ಲ ಅಂತೀಯ. ಅವಳ ಕ್ಲಾಸಿನವರು ಎಲ್ಲೆಲ್ಲಿಂದಲೋ ಬಂದು ನಮ್ಮನೆ ನೆಲದ ಮೇಲೆ ಮಲಗಿದ್ದಾರೆ ಮಾವ, ಎಪ್ಪತ್ತು ದಾಟಿದ ಮುದುಕರು. ಅವರಿಗೆ ಏನಂತ ಹೇಳ್ಲಿ? ನಮ್ಮಾವನ ಅಧಿವೇಶನ ಮುಗೀಲಿ, ಆಮೇಲೆ ಅಳೀರಿ ಅಂತ ಹೇಳ್ಲಾ?”

“ನಿಮ್ಮಮ್ಮಂಗೆ ಮಾತು ಕೊಟ್ಟಿದ್ದೀನಿ.”

“ಯಾವಾಗ? ನಾನು ನೋಡ್ಲಿಲ್ಲವಲ್ಲ,” ಎಂದು ಅವಳು ಫೋನ್ ಇಟ್ಟಳು. ಆ ಮನೆಯಲ್ಲಿ ಮಾತನ್ನು ಕೇಳುವುದಿಲ್ಲ, ನೋಡುತ್ತಾರೆ. ನೊವೊಟ್ನಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು.

ಮಂಗಳವಾರ ಉಪಗವರ್ನರ್ ಬ್ರೆಂಟ್ ಹ್ಯಾಸ್ಕಿನ್ಸ್ ಕಪ್ಪು ಟೈ ಕಟ್ಟಿಕೊಂಡು ಸಾಂತ್ವನ ಹೇಳಲು ಬಂದ. ನೊವೊಟ್ನಿಯೇ ಕೈಹಿಡಿದು ರಾಜಕೀಯಕ್ಕೆ ತಂದ ಹುಡುಗ ಅವನು. ಈಗ ಗುರುವಿಗೇ ತಿರುಮಂತ್ರ ಹೇಳುವಷ್ಟು ಬೆಳೆದಿದ್ದ.

“ಹೋಗಿ ಬನ್ನಿ ಗವರ್ನರ್. ಒಡಹುಟ್ಟಿದವಳು. ರಾಜ್ಯ ಎಲ್ಲೂ ಓಡಿ ಹೋಗಲ್ಲ, ನಾನು ನೋಡ್ಕೊಳ್ತೀನಿ.”

“ಅದೇ ನನ್ನ ಭಯ.”

ಬ್ರೆಂಟ್ ನಕ್ಕ. “ಹಾಗಾದ್ರೆ ಕೂತ್ಕೊಳ್ಳಿ. ನೀವೇ ಹೇಳಿದ್ರಲ್ಲ, ಊರು ಬಿಟ್ಟು ಹೋಗೋನಿಗೆ ಊರ ಯಜಮಾನಿಕೆ ಯಾಕೆ ಅಂತ. ನಮ್ಮಪ್ಪ ಅದನ್ನ ಊಟಕ್ಕೆ ಕೂತಾಗೆಲ್ಲ ಹೇಳೋನು. ಆದ್ರೂ ಒಂದ್ಮಾತು ಸಾರ್. ಮುಂದಿನ ತಿಂಗಳು ಪಕ್ಷದೊಳಗಿನ ಚುನಾವಣೆ. ನೋ ವೋಟ್ ನೊವೊಟ್ನಿ ದುಡ್ಡು ಉಳಿಸೋ ಮಸೂದೆಗೇ ನೋ ಅಂತ ಅಡ್ಡ ಕೂತ ಅಂದ್ರೆ, ನಿಮ್ಮ ಆ ಹಲಗೆಗಳನ್ನ ಏನು ಮಾಡೋದು? ಕೋಳಿಗೂಡಿಗೆ ಹೊಡಿಸ್ಬೇಕಷ್ಟೆ.”

“ಗಟ್ಟಿ ಹಲಗೆ. ಕೋಳಿಗಳು ಬೆಚ್ಚಗಿರ್ತವೆ,” ಎಂದ ನೊವೊಟ್ನಿ.

ಬ್ರೆಂಟ್ ಹೇಳಿದ್ದು ಸುಳ್ಳಾಗಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಆ ಮೇ ತಿಂಗಳಲ್ಲಿ ಪಕ್ಷದವರು ಹಳೆಯ ಗವರ್ನರನನ್ನು ತಿಪ್ಪೆಗೆಸೆದು ಬ್ರೆಂಟನನ್ನು ಅಭ್ಯರ್ಥಿಯಾಗಿ ಆರಿಸಿಕೊಂಡರು. ಆದರೆ ನೊವೊಟ್ನಿಯ ರಾಜಕೀಯ ಮುಗಿದದ್ದು ಆಗ ಎಂದು ಬರೆಯುವವರಿಗೆ ಏನೂ ಗೊತ್ತಿಲ್ಲ. ಅದು ಮುಗಿದದ್ದು, ಇಲ್ಲವೇ ಶುರುವಾದದ್ದು, ಅದಕ್ಕೂ ಮೊದಲಿನ ಆ ಬುಧವಾರ.

ಮಂಗಳವಾರ ಸಂಜೆ ಹೆಂಡತಿ ಆರ್ಡಿತ್ ಮಣ್ಣಾದ ಮೇಲಿನ ಊಟಕ್ಕೆಂದು ಕೊಲಾಚೆ ಬೇಯಿಸುತ್ತಿದ್ದಳು. ಗಸಗಸೆಯದೊಂದು ತಟ್ಟೆ, ಒಣದ್ರಾಕ್ಷಿಯದೊಂದು ತಟ್ಟೆ. ಅವನು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕೂತ.

“ನಾನು ಹೋಗ್ತೀನಿ ಆರ್ಡಿತ್. ಸಾಕಾಯ್ತು. ಯಾವ ಶಾಲೆ ಯಾವ ಮಸೂದೆ. ಅಕ್ಕನ ಪೆಟ್ಟಿಗೆಗೆ ಹೆಗಲು ಕೊಡದ ತಮ್ಮ ತಮ್ಮನಾ?”

“ಹೋಗು,” ಎಂದಳು ಆರ್ಡಿತ್, ಹಿಟ್ಟಿನಿಂದ ಕಣ್ಣೆತ್ತದೆ. “ಹೆಗಲು ಕೊಡೋಕೆ ಆರು ಜನ ಇದ್ದಾರೆ. ಬೇಡ ಅನ್ನೋಕೆ ನೀನೊಬ್ಬನೇ. ಅವಳು ನಿನ್ನತ್ರ ಕೇಳಿದ್ದು ಯಾವುದು?”

ಅವನು ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡು ಅತ್ತ. ಮದುವೆಯಾದಾಗಿನಿಂದ ಆರ್ಡಿತ್ ಅವನು ಅತ್ತದ್ದನ್ನು ನೋಡಿರಲಿಲ್ಲ. ಒಲೆ ಆರಿಸಿ ಬಂದು ಅವನ ತಲೆಯನ್ನು ತನ್ನ ಹಿಟ್ಟಿನ ಏಪ್ರನ್ನಿಗೆ ಒತ್ತಿಕೊಂಡಳು.

“ನಮ್ಮನೆ ಪರವಾಗಿ ನಾನು ಆ ದಡಕ್ಕೆ ಹೋಗ್ತೀನಿ. ನೀನು ಸೇತುವೆ ತನಕ ಬಾ. ಅರ್ಧ ಸೇತುವೆ ನಿಂದೇ ಅಲ್ವಾ?”

ರೈಲು ನಿಂತುಹೋದ ಆ ಸೇತುವೆಯ ನಟ್ಟನಡುವೆ, ಎರಡು ರಾಜ್ಯಗಳ ಗಡಿಗೆ ಗುರುತಾಗಿ, ಅಡ್ಡಲಾಗಿ ಒಂದು ಹಿತ್ತಾಳೆ ಪಟ್ಟಿ ಹೊಡೆದಿದ್ದಾರೆ. ರಜೆಯಲ್ಲಿ ಬಂದವರು ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನೊವೊಟ್ನಿಯೂ ಹಿಂದೊಮ್ಮೆ ಹಾಗೆ ಕಾಲಗಲಿಸಿ ನಿಂತು ಹಲ್ಲು ಕಿರಿದಿದ್ದ. ಆಗ ಇನ್ನೂ ಗವರ್ನರ್ ಆಗಿರಲಿಲ್ಲ. ಬುಧವಾರ ಮಧ್ಯಾಹ್ನಕ್ಕೆ ಮುಂಚೆ ಅವನು ಬಂದು ಆ ಪಟ್ಟಿಗೆ ಒಂದು ಗೇಣು ಈಚೆ ನಿಂತ. ಜೊತೆಗಿದ್ದವನು ಕಾವಲಿನ ಪೊಲೀಸ್ ವೇಯ್ನ್ ಒಬ್ಬನೇ. ಹಿಮ ಕರಗಿದ ನೀರು ತುಂಬಿಕೊಂಡು ನದಿ ಕೆಂಪಗೆ ಸದ್ದು ಮಾಡುತ್ತ ಹರಿಯುತ್ತಿತ್ತು. ಎದುರು ದಡದಲ್ಲಿ, ಸೇತುವೆಯ ಬುಡಕ್ಕೆ ಹತ್ತಿದಂತೆಯೇ, ಇಳಿಜಾರಿನ ಸಮಾಧಿಭೂಮಿ. ಅಲ್ಲಿಂದ ಶಾಲೆ ಕಾಣುತ್ತದೆಂದು ಲಿಡಾ ತಾನೇ ಆರಿಸಿಕೊಂಡಿದ್ದ ಜಾಗ.

ಕಪ್ಪು ಕೋಟುಗಳ ಗುಂಪು ಗುಂಡಿಯ ಸುತ್ತ ನೆರೆದಿತ್ತು. ಪಾದ್ರಿಯ ತುಟಿ ಆಡುತ್ತಿತ್ತು, ಪಕ್ಕದಲ್ಲಿ ಜೋಲೀನ್‌ನ ಕೈ ಆಡುತ್ತಿತ್ತು. ನೀರಿನ ಸದ್ದಿನಲ್ಲಿ ನೊವೊಟ್ನಿಗೆ ಪಾದ್ರಿಯ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಜೋಲೀನ್ ಹೇಳುತ್ತಿದ್ದದ್ದು ಪೂರ್ತಿ ತಿಳಿಯುತ್ತಿತ್ತು: ಮಣ್ಣು, ಮಣ್ಣಿಗೆ, ತಾಯಿ, ವಿಶ್ರಾಂತಿ. ಅಷ್ಟು ದೂರದಿಂದಲೂ! ಕೂಗಿದರೆ ಅರ್ಧ ದಾರಿಯಲ್ಲೇ ಬಿದ್ದುಹೋಗುವ ಮಾತು ಕೈಯಲ್ಲಿ ಹೇಳಿದರೆ ಇಡೀ ನದಿ ದಾಟುತ್ತದೆ. ಅಕ್ಕ ಇಷ್ಟು ವರ್ಷ ಅವನ ಮುಂದೆ ಹಿಡಿದು ನಿಂತಿದ್ದದ್ದು ಇದನ್ನೇ.

ಪೆಟ್ಟಿಗೆ ಇಳಿಯುವ ಮೊದಲು ಒಬ್ಬೊಬ್ಬರೇ ಬಂದು ಕೊನೆಯ ಮಾತು ಹೇಳಿದರು. ಆರ್ಡಿತ್‌ನ ಸರದಿ ಬಂತು. ಅವಳಿಗೆ ಕೈಮಾತು ಬಾರದು. ಅವಳು ಸುಮ್ಮನೆ ತಿರುಗಿ ಸೇತುವೆಯ ಕಡೆ ಬೆರಳು ಮಾಡಿದಳು. ಎಲ್ಲ ತಲೆಗಳೂ ತಿರುಗಿದವು.

ನೊವೊಟ್ನಿ ಟೋಪಿ ತೆಗೆದು ವೇಯ್ನ್ ಕೈಗೆ ಕೊಟ್ಟ. ಕೋಟನ್ನೂ ಬಿಚ್ಚಿ ಕೊಟ್ಟ.

“ಸಾರ್,” ಎಂದ ವೇಯ್ನ್, ಅವನ ಬೂಟುಗಳನ್ನೇ ನೋಡುತ್ತ, “ಕೈ ಗೆರೆ ದಾಟಿದ್ರೆ ತೊಂದ್ರೆ ಇಲ್ವಾ?”

“ಸಂವಿಧಾನದಲ್ಲಿ ಕೈ ಸುದ್ದಿ ಬರೆದಿಲ್ಲಪ್ಪ. ಕಾಲು ನೋಡ್ಕೋ ನೀನು, ಅಷ್ಟು ಸಾಕು.”

ಆಮೇಲೆ, ನಾಲ್ಕು ಜನ ನೋಡುತ್ತಿದ್ದಂತೆಯೇ, ಅವನು ತನ್ನ ಎಡತೋಳನ್ನು ಬಲಗೈಯಿಂದ ಎರಡು ಸಲ ಎಳೆದ.

ಅವನಿಗೆ ಬರುತ್ತಿದ್ದದ್ದು ಮೇಜಿನ ಕೆಳಗಿನ ಮಾತು, ಏಳೆಂಟು ವರ್ಷದ ಹುಡುಗನ ಮಾತು. ದೊಡ್ಡವನಾದ ಮೇಲೆ ಒಂದು ಪದವೂ ಸೇರಿರಲಿಲ್ಲ. ಆಚೆ ದಡದಿಂದ ಒಬ್ಬ ಮುದುಕ ಸಿಡಿಮಿಡಿಗೊಂಡು ಎರಡೂ ತೋಳು ಬೀಸಿದ: “ದೊಡ್ಡದಾಗಿ ಹೇಳೋ! ಇರುವೆ ಮಾತಾಡಿದ ಹಾಗೆ ಆಡಬೇಡ!” ನೊವೊಟ್ನಿ ತೋಳುಗಳನ್ನು ಅಗಲಿಸಿದ. ಭುಜದ ಮೇಲೆ ಜಡೆ ಎಳೆದು ತೋರಿಸಿದ; ಅದು ಲಿಡಾಳ ಹೆಸರು. ನೀನು ದೊಡ್ಡವಳು ಎಂದ. ನನ್ನ ಕೈ ಹೆದರಿತು ಎಂದ. ಅಮ್ಮ ಬೈದಳು, ನಾನು ಕೈಯನ್ನು ಬಚ್ಚಿಟ್ಟೆ, ನೀನು ಬಚ್ಚಿಡಲಿಲ್ಲ ಎಂದ. ಶಾಲೆ ಅಲ್ಲೇ ಇರುತ್ತದೆ ಎಂದ. ಕೊನೆಗೆ ಬಲಗೈಯನ್ನು ಮೇಲೆತ್ತಿ, ಎರಡು ಬೆರಳನ್ನು ಹೆಬ್ಬೆರಳಿಗೆ ಪಟ್ಟೆಂದು ಮುಚ್ಚಿದ. ಕೈಮಾತಿನಲ್ಲಿ ಅದು ‘ಬೇಡ’. ಅವನ ಜೀವಮಾನದ ಪದ. ಅದನ್ನು ಅವನು ಯಾವತ್ತೂ ಕೈಯಲ್ಲಿ ಆಡಿರಲಿಲ್ಲ.

ಬೇಡ, ಎಂದ. ನಿನಗೋಸ್ಕರ. ಬೇಡ.

ಕಣ್ಣು ಮಂಜಾಗಿ ಆಚೆ ದಡ ಕಾಣದಾಯಿತು. ಪೆಟ್ಟಿಗೆ ಇಳಿಸಿದ್ದು, ಮಣ್ಣು ಹಾಕಿದ್ದು ಯಾವುದೂ ಅವನಿಗೆ ಸರಿಯಾಗಿ ಕಾಣಲಿಲ್ಲ. ಕಂಬಿ ಹಿಡಿದು ನಿಂತುಬಿಟ್ಟ. ಹಲಗೆಗಳ ಮೇಲೆ ಹೆಜ್ಜೆ ಬಂದದ್ದೂ ತಿಳಿಯಲಿಲ್ಲ.

ಯಾರೋ ಅವನ ಅಂಗಿಯ ತೋಳನ್ನು ಎರಡು ಸಲ ಎಳೆದರು.

ಜೋಲೀನ್. ಅವಳು ಹಿತ್ತಾಳೆ ಪಟ್ಟಿಯ ಆಚೆಯೇ ನಿಂತು, ಗಡಿಯ ಮೇಲಿಂದ ಕೈಚಾಚಿ ಮಾವನ ತೋಳು ಹಿಡಿದಿದ್ದಳು. ಮೂಗು ಕೆಂಪಾಗಿತ್ತು.

“ಈಗ ನೋಡಿದೆ ಮಾವ,” ಎಂದಳು. “ಅಮ್ಮಂಗೆ ಮಾತು ಕೊಟ್ಟಿದ್ದನ್ನ.”

ಅವಳು ತೋಳನ್ನು ಬಿಡದೆ ಇನ್ನೊಮ್ಮೆ ಎಳೆದಳು.

“ಅಳೋದು ಆಮೇಲೆ. ಹಿಂದೆ ತಿರುಗು. ಆಗಿಂದ ನಿನ್ನನ್ನ ಕರೀತಿದ್ದಾರೆ.”

ಅವನು ತಿರುಗಿದ. ಅವನದೇ ದಡದಲ್ಲಿ, ದಿಬ್ಬದ ತುದಿಯ ಬೇಲಿಗುಂಟ, ಶಾಲೆಯ ಮಕ್ಕಳೆಲ್ಲ ಬಂದು ಸಾಲಾಗಿ ನಿಂತಿದ್ದರು. ಶನಿವಾರದ ಅಜ್ಜಿಯನ್ನು ಕಳಿಸಿಕೊಡಲು ಬಂದವರು. ಅವನು ಆಚೆಗೆ ಹೇಳಿದ್ದೆಲ್ಲ ಬೆನ್ನ ಹಿಂದಿದ್ದ ಅವರಿಗೆ ಕಂಡಿರಲಿಲ್ಲ. ಕಂಡದ್ದು ಅಂಗಿತೋಳಿನ ಒಬ್ಬ ಮುದುಕ ಸೇತುವೆ ನಡುವೆ ನಿಂತು ತಮ್ಮ ಹಾಗೆ ತೋಳು ಬೀಸಿದ್ದು ಮಾತ್ರ. ಅವನ ಚಿತ್ರ ಹಾಕಿದ ಹಲಗೆ ಆ ದಿಬ್ಬದ ಕೆಳಗಿನ ರಸ್ತೆಯಲ್ಲೇ ಇತ್ತು. ಆ ಹಲಗೆಯವನು ಇವನೇ ಎಂದು ಅವರಿಗೇನು ಗೊತ್ತು! ಮುಂದೆ ನಿಂತಿದ್ದ ಒಬ್ಬಳು ಪುಟ್ಟ ಹುಡುಗಿ, ಬಹಳ ಹೊತ್ತಿನಿಂದ ಕೇಳಿ ಕೇಳಿ ಬೇಸತ್ತವಳಂತೆ, ಕೈಯನ್ನು ಮತ್ತೆ ಎತ್ತಿ ದೊಡ್ಡದಾಗಿ ಕೇಳಿದಳು: ನೀನು ಯಾರು? ನಿನ್ನ ಹೆಸರೇನು?

ಗವರ್ನರ್ ನೊವೊಟ್ನಿ ಕಂಬಿ ಬಿಟ್ಟು ನೆಟ್ಟಗೆ ನಿಂತ. ಎಡತೋಳನ್ನು ಮುಂದೆ ಚಾಚಿ, ಎಲ್ಲರಿಗೂ ಕಾಣುವ ಹಾಗೆ, ಬಲಗೈಯಿಂದ ಎರಡು ಸಲ ಎಳೆದ.